ಆಟದ ಯಂತ್ರಕ್ಕೆ ಜೀವ ತುಂಬುವವರು ಯಾರು?

ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರವನ್ನು ವಿಡಿಯೋ ಗೇಮ್ ಕನ್ಸೋಲ್ ಎಂದು ಕರೆಯುತ್ತಾರೆ. ಅದರ ಮುಚ್ಚಳವನ್ನು ತೆರೆದು ನೋಡಿದರೆ ಕಾಣುವುದು ಲೆಕ್ಕಗಳನ್ನು ಮಾಡುವ ಒಂದು ಸಂಸ್ಕಾರಕ, ಚಿತ್ರಗಳನ್ನು ರಚಿಸುವ ಇನ್ನೊಂದು ಚಿಪ್ಪು, ಸ್ಮೃತಿಕೋಶಗಳು, ಕಾವನ್ನು ಹೊರದೂಡುವ ಒಂದು ಫ್ಯಾನು, ಇಷ್ಟೆ. ಇವುಗಳ ವೇಗವನ್ನು ಒಂದಕ್ಕೊಂದು ಹೋಲಿಸಿ, ಈ ಯಂತ್ರ ಮೇಲು, ಆ ಯಂತ್ರ ಕೀಳು ಎಂದು ನಮ್ಮ ವಿದ್ಯಾರ್ಥಿಗಳು ವಾದಿಸುವುದುಂಟು. ಆದರೆ ಕಳೆದ ಐವತ್ತು ವರ್ಷಗಳ ಇತಿಹಾಸವನ್ನು ಪರಿಶೀಲಿಸಿದರೆ ಬೇರೊಂದು ಸಂಗತಿ ಗೋಚರವಾಗುತ್ತದೆ. ಬಲಿಷ್ಠವಾದ ಯಂತ್ರಗಳು ಎಷ್ಟೋ ಸಲ ಸೋತಿವೆ. ಅವುಗಳಿಗಿಂತ ದುರ್ಬಲವಾದವು ಗೆದ್ದಿವೆ. ಹಾಗಾದರೆ ಸೋಲು ಗೆಲುವುಗಳನ್ನು ನಿರ್ಧರಿಸುವ ಅಂಶ ಯಾವುದು? ಅದು ಬಹುಮಟ್ಟಿಗೆ ಪೆಟ್ಟಿಗೆಯ ಹೊರಗೆ ಇರುವ ಅಂಶ: ಆಟಗಳನ್ನು ಪ್ರಕಟಿಸುವವರ ಬೆಂಬಲ. ಈ ಮಾತನ್ನು ಕೊಂಚ ವಿಚಾರಿಸೋಣ.

ಕಾಲುವೆಯೂ ನೀರೂ

ಸಾಲಗುಂದವಿರುವ ಸಿಂಧನೂರು ತಾಲೂಕಿನ ರೈತರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಲದ ಬದಿಯಲ್ಲಿ ಕಾಲುವೆ ಹಾದುಹೋದ ಮಾತ್ರಕ್ಕೆ ಭತ್ತ ಬೆಳೆಯುವುದಿಲ್ಲ. ಅದರಲ್ಲಿ ನೀರು ಬರಬೇಕು. ನೀರು ಬಿಡುವುದು ನಿಶ್ಚಯವಾಗುವವರೆಗೂ ಕೊನೆಭಾಗದ ರೈತ ನಾಟಿಗೆ ಹಣ ಹೂಡಲು ಹಿಂಜರಿಯುತ್ತಾನೆ. ಆಟದ ಯಂತ್ರವೂ ಒಂದು ಕಾಲುವೆ. ಅದರಲ್ಲಿ ಹರಿಯಬೇಕಾದ ನೀರು ಆಟಗಳು. ಬರಿಯ ಯಂತ್ರವನ್ನು ಕೊಂಡು ಮನೆಯಲ್ಲಿಟ್ಟುಕೊಂಡರೆ ಅದು ಒಣಗಿದ ಕಾಲುವೆಯೇ ಸರಿ.

ಆಟವನ್ನು ರಚಿಸುವವನು ಬೇರೆ, ಪ್ರಕಾಶಕನು ಬೇರೆ. ಪುಸ್ತಕಲೋಕದಂತೆಯೇ ಇಲ್ಲಿಯೂ ಪ್ರಕಾಶಕನು ರಚನಕಾರರಿಗೆ ಮುಂಗಡ ಹಣ ಕೊಡುತ್ತಾನೆ. ಸಿದ್ಧವಾದ ಆಟವನ್ನು ಪರೀಕ್ಷೆ ಮಾಡಿಸುತ್ತಾನೆ. ಪ್ರಚಾರ ಮಾಡಿ ಅಂಗಡಿಗಳಿಗೆ ಮುಟ್ಟಿಸುತ್ತಾನೆ. ಬೇರೆ ಭಾಷೆಗಳಿಗೆ ಮಾಡಿಸುತ್ತಾನೆ. ಯಂತ್ರವನ್ನು ತಯಾರಿಸಿದ ಸಂಸ್ಥೆಗೆ ಪ್ರತಿಯೊಂದು ಪ್ರತಿಯ ಮೇಲೂ ಗೌರವಧನ ಸಲ್ಲುತ್ತದೆ. ಎಷ್ಟೋ ಯಂತ್ರಗಳನ್ನು ಅಸಲಿಗೆ, ಕೆಲವು ವೇಳೆ ನಷ್ಟಕ್ಕೆ ಕೂಡ, ಮಾರಿ ಆ ನಷ್ಟವನ್ನು ಈ ಗೌರವಧನದಿಂದ ತುಂಬಿಕೊಳ್ಳುವುದು ಈ ವ್ಯಾಪಾರದ ರೂಢಿ. ಆದುದರಿಂದ ಪ್ರಕಾಶಕರು ದೂರವಾದರೆ ಯಂತ್ರದ ತಯಾರಕನಿಗೆ ಎರಡು ಕಡೆಯಿಂದಲೂ ಪೆಟ್ಟು: ಆಟವೂ ಇಲ್ಲ, ಆದಾಯವೂ ಇಲ್ಲ.

ಪ್ರಕಾಶಕನ ಲೆಕ್ಕವನ್ನೂ ನೋಡಬೇಕು. ಒಂದು ಆಟವನ್ನು ಹೊಸ ಯಂತ್ರಕ್ಕೆ ಹೊಂದಿಸಲು 2 ಕೋಟಿ ರೂಪಾಯಿ ಬೇಕೆಂದೂ, ಪ್ರತಿಯೊಂದಕ್ಕೆ ಅವನ ಕೈಸೇರುವುದು 500 ರೂಪಾಯಿ ಎಂದೂ ಭಾವಿಸೋಣ. ಹಾಕಿದ ಹಣ ಮರಳಬೇಕಾದರೆ 40,000 ಪ್ರತಿಗಳು ಮಾರಬೇಕು. ಯಂತ್ರವಿರುವ ಹತ್ತು ಮನೆಗಳಲ್ಲಿ ಒಂದು ಮನೆ ಈ ಆಟವನ್ನು ಕೊಳ್ಳುವುದಾದರೆ, ಆ ಯಂತ್ರ ಮೊದಲೇ 4 ಲಕ್ಷ ಮನೆಗಳನ್ನು ಸೇರಿರಬೇಕು. ಸೇರಿಲ್ಲವಾದರೆ ಪ್ರಕಾಶಕನು ಬರುವುದಿಲ್ಲ. ಅವನು ಬಾರದಿದ್ದರೆ ಜನ ಯಂತ್ರವನ್ನು ಕೊಳ್ಳುವುದಿಲ್ಲ.

ಸರಪಳಿ ಕ್ರಿಯೆ

ಭೌತವಿಜ್ಞಾನವನ್ನು ಓದಿದವರಿಗೆ ಇದು ಪರಿಚಿತವಾದ ಸನ್ನಿವೇಶ. ಯುರೇನಿಯಂ ಬೀಜವೊಂದು ಒಡೆದಾಗ ಎರಡು ಮೂರು ನ್ಯೂಟ್ರಾನುಗಳು ಹೊರಬರುತ್ತವೆ. ಅವುಗಳಲ್ಲಿ ಕೆಲವು ತಪ್ಪಿಸಿಕೊಂಡು ಹೋಗುತ್ತವೆ. ಉಳಿದವು ಬೇರೆ ಬೀಜಗಳನ್ನು ಒಡೆಯುತ್ತವೆ. ಒಂದು ವಿದಳನದಿಂದ ಸರಾಸರಿ ಒಂದಕ್ಕಿಂತ ಹೆಚ್ಚು ವಿದಳನ ಉಂಟಾದರೆ ಕ್ರಿಯೆ ಬೆಳೆಯುತ್ತದೆ. ಒಂದಕ್ಕಿಂತ ಕಡಮೆಯಾದರೆ ತಾನಾಗಿ ನಂದಿಹೋಗುತ್ತದೆ. ಯುರೇನಿಯಮ್ಮಿನ ಗಡ್ಡೆ ಚಿಕ್ಕದಾಗಿದ್ದರೆ ನ್ಯೂಟ್ರಾನುಗಳು ಬೇಗ ಹೊರಬಿದ್ದು ಹೋಗುವುದರಿಂದ, ಕ್ರಿಯೆ ನಿಲ್ಲದೆ ನಡೆಯಲು ಒಂದು ಕನಿಷ್ಠ ಪ್ರಮಾಣ ಅಗತ್ಯ. ಅದನ್ನು ಕ್ರಾಂತಿಕ ದ್ರವ್ಯರಾಶಿ ಎನ್ನುತ್ತೇವೆ.

ಆಟದ ಯಂತ್ರಕ್ಕೂ ಹಾಗೆಯೇ. ಕೊಂಡವರು ಪ್ರಕಾಶಕರನ್ನು ಸೆಳೆಯುತ್ತಾರೆ. ಪ್ರಕಾಶಕರ ಆಟಗಳು ಮತ್ತಷ್ಟು ಜನರನ್ನು ಸೆಳೆಯುತ್ತವೆ. ಈ ಚಕ್ರ ಒಮ್ಮೆ ವೇಗ ಹಿಡಿದರೆ ತಡೆಯುವವರಿಲ್ಲ. ಹಿಡಿಯದಿದ್ದರೆ ಎಷ್ಟು ಉತ್ತಮವಾದ ಯಂತ್ರವೂ ನಂದುತ್ತದೆ. ಹೋಲಿಕೆಗೆ ಒಂದು ಮಿತಿಯೂ ಉಂಟು. ನ್ಯೂಟ್ರಾನಿಗೆ ನಿರೀಕ್ಷೆ ಎಂಬುದಿಲ್ಲ, ಪ್ರಕಾಶಕನಿಗೆ ಇದೆ. ಆಟವೊಂದರ ರಚನೆಗೆ ವರ್ಷಗಳು ಹಿಡಿಯುವುದರಿಂದ, ಯಂತ್ರ ಮುಂದೆ ಮಾರಾಟವಾದೀತೇ ಎಂಬ ಊಹೆಯ ಮೇಲೆಯೇ ಅವನು ಈಗ ಹಣ ಹೂಡಬೇಕು.

ಅತಿಯಾದರೂ ಕೇಡು

ಮೊದಲ ಗೃಹಬಳಕೆಯ ಆಟದ ಯಂತ್ರ ಮ್ಯಾಗ್ನವಾಕ್ಸ್ ಒಡಿಸ್ಸಿ ಅಮೆರಿಕದಲ್ಲಿ 1972ರಲ್ಲಿ ಹೊರಬಂದಿತು. 1977ರಲ್ಲಿ ಅಟಾರಿ ಸಂಸ್ಥೆಯ ಯಂತ್ರ ಬಂದಾಗ ಅದಕ್ಕೆ ಬೇಕಾದ ಆಟಗಳನ್ನು ಅದೇ ಸಂಸ್ಥೆ ತಯಾರಿಸುತ್ತಿತ್ತು. 1979ರಲ್ಲಿ ಅಲ್ಲಿನ ನಾಲ್ವರು ರಚನಕಾರರು ಹೊರಬಂದು, ಆಕ್ಟಿವಿಷನ್ ಎಂಬ ಸ್ವತಂತ್ರ ಪ್ರಕಾಶನ ಸಂಸ್ಥೆಯ ಸ್ಥಾಪನೆಯಲ್ಲಿ ಪಾಲುಗೊಂಡರು. ಯಂತ್ರ ಒಬ್ಬರದು, ಆಟ ಇನ್ನೊಬ್ಬರದು ಎಂಬ ಪದ್ಧತಿ ಹೀಗೆ ಆರಂಭವಾಯಿತು. ಅನಂತರ ಕಂಡಕಂಡವರೆಲ್ಲ ಆಟಗಳನ್ನು ತಯಾರಿಸತೊಡಗಿದರು. ಕಳಪೆ ಆಟಗಳಿಂದ ಅಂಗಡಿಗಳು ತುಂಬಿದವು. ಜನರ ನಂಬಿಕೆ ಹಾರಿಹೋಯಿತು. 1983ರಲ್ಲಿ ಅಮೆರಿಕದ ಈ ವ್ಯಾಪಾರವೇ ಕುಸಿದುಬಿತ್ತು. ಮಾರಾಟವಾಗದ ಕಾರ್ಟ್ರಿಡ್ಜುಗಳನ್ನು ಅಟಾರಿ ನ್ಯೂ ಮೆಕ್ಸಿಕೋದ ಅಲಮೊಗಾರ್ಡೊ ಎಂಬಲ್ಲಿ ಮಣ್ಣಿನಲ್ಲಿ ಹೂಳಿತು. 2014ರಲ್ಲಿ ಅಗೆದಾಗ ಅವು ಮತ್ತೆ ಸಿಕ್ಕವು.

ಈ ಅನಾಹುತದಿಂದ ಪಾಠ ಕಲಿತದ್ದು ಜಪಾನಿನ ನಿಂಟೆಂಡೊ. 1985ರಲ್ಲಿ ಅಮೆರಿಕಕ್ಕೆ ತಂದ ತನ್ನ ಯಂತ್ರದೊಳಗೆ ಅದು ಒಂದು ಬೀಗದ ಚಿಪ್ಪನ್ನು ಇರಿಸಿತು. ಅದರ ಜೋಡಿಚಿಪ್ಪು ಕಾರ್ಟ್ರಿಡ್ಜಿನಲ್ಲಿ ಇರಬೇಕು. ಎರಡೂ ಒಂದೇ ಗುಪ್ತ ಸಂಕೇತಮಾಲೆಯನ್ನು ಏಕಕಾಲದಲ್ಲಿ ಉಚ್ಚರಿಸಿದರೆ ಮಾತ್ರ ಆಟ ನಡೆಯುತ್ತದೆ. ತಾಳ ತಪ್ಪಿದರೆ ಯಂತ್ರ ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗುತ್ತಿರುತ್ತದೆ. ಅಪ್ಪಣೆ ಪಡೆದ ಪ್ರಕಾಶಕರಿಗೂ ಅಲ್ಲಿ ವರ್ಷಕ್ಕೆ ಐದೇ ಆಟಗಳ ಮಿತಿ ಇತ್ತು. ಈ ಯಂತ್ರ ಜಗತ್ತಿನಲ್ಲಿ ಸುಮಾರು 6 ಕೋಟಿ 19 ಲಕ್ಷ ಮಾರಾಟವಾಯಿತು. ಬೆಂಬಲವೆಂದರೆ ಬರಿಯ ಸಂಖ್ಯೆಯಲ್ಲ, ಗುಣವೂ ಹೌದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವೇಗ ಸೋತ ಕಥೆ

ಅದೇ ನಿಂಟೆಂಡೊ 1996ರಲ್ಲಿ ಎಡವಿತು. ಆ ವರ್ಷ ಬಂದ ನಿಂಟೆಂಡೊ 64ರ ಸಂಸ್ಕಾರಕದ ಗಡಿಯಾರ ಸೆಕೆಂಡಿಗೆ 9 ಕೋಟಿ 37 ಲಕ್ಷಕ್ಕೂ ಮೇಲೆ ಮಿಡಿಯುತ್ತಿತ್ತು. 1994ರಲ್ಲಿ ಬಂದಿದ್ದ ಸೋನಿಯ ಪ್ಲೇಸ್ಟೇಷನ್ನಿನ ಗಡಿಯಾರ ಸುಮಾರು 3 ಕೋಟಿ 39 ಲಕ್ಷ ಸಲ. ಆದರೆ ನಿಂಟೆಂಡೊ ಕಾರ್ಟ್ರಿಡ್ಜನ್ನೇ ನೆಚ್ಚಿಕೊಂಡಿತ್ತು; ಸೋನಿ ಸಿ.ಡಿ. ತಟ್ಟೆಯನ್ನು ಆರಿಸಿಕೊಂಡಿತ್ತು. ಚಿಪ್ಪಿನಿಂದ ಮಾಹಿತಿಯನ್ನು ಓದುವುದಕ್ಕೆ ಕ್ಷಣವೂ ಬೇಡ. ತಟ್ಟೆಯಾದರೆ ತಿರುಗಬೇಕು, ಲೇಸರ್ ಕಿರಣ ಸರಿಯಾದ ಸ್ಥಳಕ್ಕೆ ಸರಿಯಬೇಕು. ಆದುದರಿಂದ ಆಡುವವನಿಗೆ ಕಾರ್ಟ್ರಿಡ್ಜಿನಿಂದ ಲಾಭವೇ. ಪ್ರಕಾಶಕನ ದೃಷ್ಟಿ ಬೇರೆ. ಆರಂಭದ ಕಾರ್ಟ್ರಿಡ್ಜೊಂದರಲ್ಲಿ ಹಿಡಿಯುತ್ತಿದ್ದುದು 8 ಮೆಗಾಬೈಟ್. ತಟ್ಟೆಯಲ್ಲಿ ಸುಮಾರು 650, ಎಂದರೆ ಎಂಬತ್ತು ಪಟ್ಟು. ತಟ್ಟೆಯನ್ನು ಅಚ್ಚೊತ್ತುವುದು ಅಗ್ಗ, ಶೀಘ್ರ. ಚಿಪ್ಪುಗಳನ್ನು ವಾರಗಳ ಮೊದಲೇ ಹೇಳಿಮಾಡಿಸಬೇಕು, ಉಳಿದರೆ ನಷ್ಟ.

ಅಲ್ಲಿಯವರೆಗೆ ನಿಂಟೆಂಡೊಗೆ ಆಟಗಳನ್ನು ಕೊಡುತ್ತಿದ್ದ ಸ್ಕ್ವೇರ್ ಸಂಸ್ಥೆ ಸೋನಿಯ ಕಡೆಗೆ ಬಂದಿತು. 1997ರಲ್ಲಿ ಅದು ಹೊರತಂದ ಫೈನಲ್ ಫ್ಯಾಂಟಸಿ 7 ಮೂರು ತಟ್ಟೆಗಳನ್ನು ತುಂಬಿತ್ತು. ಪ್ಲೇಸ್ಟೇಷನ್ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ನಿಂಟೆಂಡೊ 64 ಸುಮಾರು 3 ಕೋಟಿ 30 ಲಕ್ಷಕ್ಕೆ ನಿಂತಿತು. ಸೆಗಾ ಸಂಸ್ಥೆ 1998ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಡ್ರೀಮ್‌ಕಾಸ್ಟಿಗೆ, ಕ್ರೀಡೆಯ ಆಟಗಳಲ್ಲಿ ಹೆಸರಾದ ಎಲೆಕ್ಟ್ರಾನಿಕ್ ಆರ್ಟ್ಸ್ ಒಂದು ಆಟವನ್ನೂ ಕೊಡಲಿಲ್ಲ. ಸಂಸ್ಥೆಯ ಹಳೆಯ ನಷ್ಟಗಳು, ನಕಲಿ ತಟ್ಟೆಗಳ ಹಾವಳಿ, ಪ್ಲೇಸ್ಟೇಷನ್ 2ರ ನಿರೀಕ್ಷೆ ಇವೂ ಸೇರಿಕೊಂಡು, 2001ರಲ್ಲಿ ಆ ಯಂತ್ರದ ತಯಾರಿಕೆಯೇ ನಿಂತುಹೋಯಿತು.

ಇಷ್ಟರಿಂದ ಪ್ರಕಾಶಕರೇ ಸರ್ವಸ್ವವೆಂದು ತೀರ್ಮಾನಿಸುವುದು ಸರಿಯಲ್ಲ. ಮಾರಾಟವಾಗುವ ಯಂತ್ರದ ಕಡೆಗೆ ಪ್ರಕಾಶಕರು ತಾವಾಗಿ ಬರುವುದರಿಂದ, ಕಾರಣ ಯಾವುದು, ಕಾರ್ಯ ಯಾವುದು ಎಂದು ಬಿಡಿಸುವುದು ಕಷ್ಟ. ಸ್ವಂತ ಆಟಗಳಿಂದಲೇ ಕಿಡಿ ಹೊತ್ತಿಸುವ ತಯಾರಕರೂ ಇದ್ದಾರೆ. ನಿಂಟೆಂಡೊದ ವೀ ಯಂತ್ರ (2006) 10 ಕೋಟಿಗೂ ಮೇಲೆ ಮಾರಾಟವಾದುದು ಬಹುಪಾಲು ಹೀಗೆಯೇ. ಆದರೆ ಅದೇ ಸಂಸ್ಥೆಯ ವೀ ಯು (2012) ಸ್ವಂತ ಆಟಗಳಿದ್ದರೂ, ಹೊರಗಿನ ಪ್ರಕಾಶಕರು ಒಬ್ಬೊಬ್ಬರಾಗಿ ಕೈಬಿಟ್ಟ ಮೇಲೆ 1 ಕೋಟಿ 36 ಲಕ್ಷದ ಆಸುಪಾಸಿನಲ್ಲಿ ಮುಗಿಯಿತು. ಸ್ವಂತ ಆಟ ಕಿಡಿಯಾಗಬಲ್ಲುದು. ಬೆಂಕಿ ಉಳಿಯಬೇಕಾದರೆ ಸಾಮಾನ್ಯವಾಗಿ ಇತರರ ಸೌದೆಯೂ ಬೇಕು. ಮೈಕ್ರೋಸಾಫ್ಟ್ 2023ರಲ್ಲಿ ಸುಮಾರು 6,870 ಕೋಟಿ ಡಾಲರ್ ಒಪ್ಪಂದದಲ್ಲಿ ಕೊಂಡುಕೊಂಡ ಆಕ್ಟಿವಿಷನ್ ಬ್ಲಿಝರ್ಡ್, 1979ರಲ್ಲಿ ಹುಟ್ಟಿದ ಆ ಮೊದಲ ಸ್ವತಂತ್ರ ಪ್ರಕಾಶನದ ಸಂತಾನವೇ ಎಂಬುದನ್ನು ನೆನೆದರೆ, ಸೌದೆಯ ಬೆಲೆ ಎಷ್ಟೆಂದು ತಿಳಿದೀತು.

ನಮ್ಮ ನಾಡಿನ ಅನುಭವ

ಕರ್ನಾಟಕದಲ್ಲಿ ಆಟದ ಯಂತ್ರವೇ ಹುಟ್ಟಲಿಲ್ಲವಾದರೂ ಅದರ ಸಮೀಪದ ಬಂಧುವೊಂದು ಹುಟ್ಟಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಂಸ್ಥೆಯೊಡನೆ ಕೂಡಿ, ಓದುಬರಹ ಬಾರದವರೂ ಬಳಸಬಹುದಾದ ಅಂಗೈಯಗಲದ ಗಣಕಯಂತ್ರವನ್ನು ರೂಪಿಸಿ 2001ರಲ್ಲಿ ಪ್ರದರ್ಶಿಸಿದರು. ಅದೇ ಸಿಂಪ್ಯೂಟರ್. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಎಂಬ ಮಾದರಿ ಮಾರುಕಟ್ಟೆಗೆ ಬಂದಿತು. ಯಂತ್ರವನ್ನು ಓರೆಮಾಡಿದರೆ ಅದನ್ನು ಅರಿಯುವ ವೇಗೋತ್ಕರ್ಷ ಮಾಪಕವೂ ಅದರಲ್ಲಿತ್ತು. ಇಂದಿನ ಮೊಬೈಲುಗಳಲ್ಲಿ ಎಲ್ಲರಿಗೂ ಪರಿಚಿತವಾದ ಈ ಸೌಕರ್ಯ ಆಗ ತೀರ ಅಪೂರ್ವ.

ಇಷ್ಟಾದರೂ ಅದು ಕೆಲವೇ ಸಾವಿರ ಸಂಖ್ಯೆಯಲ್ಲಿ ಮಾರಾಟವಾಗಿ ಮರೆಯಾಯಿತು. ಅಗ್ಗದ ಮಾದರಿಗೂ ಬೆಲೆ ಸುಮಾರು 10,000 ರೂಪಾಯಿ. ಅದೇ ವೇಳೆಗೆ ಮೊಬೈಲುಗಳು ಹಬ್ಬತೊಡಗಿದ್ದವು. ಇವು ಎದ್ದು ಕಾಣುವ ಕಾರಣಗಳು. ಆದರೆ ನಾವು ಮೇಲೆ ಹೇಳಿದ ಕಾರಣವೂ ಇವುಗಳ ಹಿಂದೆ ನಿಂತಿದೆ. ರೈತನಿಗೆ, ಅಂಗಡಿಯವನಿಗೆ, ಶಾಲೆಯ ಹುಡುಗನಿಗೆ ದಿನವೂ ಬೇಕಾಗುವಂಥ ತಂತ್ರಾಂಶಗಳನ್ನು ಅದಕ್ಕಾಗಿ ನೂರಾರು ಜನ ಬರೆಯಬೇಕಾಗಿತ್ತು. ಯಂತ್ರಗಳು ಕೆಲವೇ ಇದ್ದುದರಿಂದ ಬರೆಯುವವರು ಬರಲಿಲ್ಲ. ಅವರು ಬಾರದುದರಿಂದ ಯಂತ್ರಗಳು ಹೆಚ್ಚಲಿಲ್ಲ. ಕಾಲುವೆಯನ್ನು ತೋಡಿದವರ ಜಾಣ್ಮೆಗೆ ಕೊರತೆಯಿರಲಿಲ್ಲ. ನೀರು ಕ್ರಾಂತಿಕ ಮಟ್ಟವನ್ನು ಮುಟ್ಟಲಿಲ್ಲ.

ರಚನಕಾರರ ಅಭಾವ ನಮ್ಮಲ್ಲಿದೆ ಎಂದೂ ಹೇಳುವಂತಿಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಅವರು ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ಪರದೇಶದ ದೊಡ್ಡ ಪ್ರಕಾಶಕರ ಆಟಗಳಿಗೆ ಚಿತ್ರಕಾರ್ಯ ಮಾಡಿಕೊಟ್ಟು ಹೆಸರು ಪಡೆಯಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ನೆರೆಯ ಹೈದರಾಬಾದಿನ ಒಂದು ಸಂಸ್ಥೆ ರಚಿಸಿದ ಹನುಮಾನ್ ಆಟವನ್ನು ಸೋನಿಯೇ 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಪ್ರಕಟಿಸಿತು. ಕರ್ನಾಟಕ ಸರ್ಕಾರ 2012ರಲ್ಲಿಯೇ ಅನಿಮೇಷನ್ ಮತ್ತು ಆಟಗಳ ಉದ್ಯಮಕ್ಕೆ ಪ್ರತ್ಯೇಕ ನೀತಿಯನ್ನು ರೂಪಿಸಿತು. ಕೈಗಳು ನಮ್ಮವೇ, ಹಣ ಹೂಡಿ, ಯಾವ ಆಟ ಯಾವ ಭಾಷೆಯಲ್ಲಿ ಎಂದು ನಿಶ್ಚಯಿಸುವವರು ದೂರದವರು.

ಕೊಳ್ಳುವವರು ಕೇಳಬೇಕಾದ ಪ್ರಶ್ನೆ

ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ 2021ರ ಫೆಬ್ರುವರಿಯಲ್ಲಿ ಬಂದಾಗ ತಟ್ಟೆ ಹಾಕುವ ಮಾದರಿಯ ಬೆಲೆ 49,990 ರೂಪಾಯಿ. ಹಳ್ಳಿಯ ಕುಟುಂಬವೊಂದು ಇಷ್ಟು ಹಣ ಕೊಡುವುದು ಸಣ್ಣ ಸಂಗತಿಯಲ್ಲ. ಇಂದಿನ ದೊಡ್ಡ ಆಟಗಳಲ್ಲಿ ಕೆಲವು 100 ಗಿಗಾಬೈಟ್ ಆಗಿರುತ್ತವೆ. ಸಾಲಗುಂದದಂಥ ಊರಿನ ಮನೆಯಲ್ಲಿ ದಿನಕ್ಕೆ 2 ಗಿಗಾಬೈಟ್ ದೊರೆಯುವ ಮೊಬೈಲ್ ಸಂಪರ್ಕವೊಂದೇ ಇದ್ದರೆ, ಆ ಒಂದು ಆಟವನ್ನು ಇಳಿಸಿಕೊಳ್ಳಲು ಐವತ್ತು ದಿನಗಳಾಗುತ್ತವೆ. ಮನೆಯವರು ಅಷ್ಟು ದಿನವೂ ಬೇರೆ ಯಾವುದಕ್ಕೂ ಅದನ್ನು ಮುಟ್ಟಬಾರದು! ಆದುದರಿಂದ ಕೊಳ್ಳುವ ಮೊದಲು ಯಂತ್ರದ ವೇಗವನ್ನು ಕೇಳಿದರೆ ಸಾಲದು. ಇದಕ್ಕೆ ಯಾವ ಪ್ರಕಾಶಕರು ಆಟ ಕೊಡುತ್ತಾರೆ? ಅವು ತಟ್ಟೆಯಲ್ಲಿ ದೊರೆಯುತ್ತವೆಯೆ? ಯಾವ ಭಾಷೆಯಲ್ಲಿ? ಈ ಮೂರು ಪ್ರಶ್ನೆಗಳನ್ನೂ ಕೇಳಬೇಕು.

ಕೊನೆಯ ಪ್ರಶ್ನೆಯೇ ನಮಗೆ ಹೆಚ್ಚು ಹತ್ತಿರದ್ದು. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆ ಎಂದವರು ಸುಮಾರು 4 ಕೋಟಿ 37 ಲಕ್ಷ ಜನ. ಸಿದ್ಧವಾಗಿರುವ ಆಟವೊಂದರ ಬರಹವನ್ನೂ ಮಾತನ್ನೂ ಕನ್ನಡಕ್ಕೆ ತರಲು 20 ಲಕ್ಷ ರೂಪಾಯಿ ತಗಲುವುದೆಂದು ಇಟ್ಟುಕೊಳ್ಳೋಣ. ಪ್ರತಿಗೆ 500 ರೂಪಾಯಿಯಂತೆ, ಕನ್ನಡದ ಕಾರಣದಿಂದಲೇ ಹೆಚ್ಚಾಗಿ 4,000 ಜನ ಕೊಂಡರೆ ಆ ವೆಚ್ಚ ತೀರುತ್ತದೆ. ಹೊಸ ಯಂತ್ರವನ್ನು ನಿಲ್ಲಿಸಲು ಲಕ್ಷಗಟ್ಟಲೆ ಮನೆಗಳು ಬೇಕು. ಇರುವ ಯಂತ್ರದಲ್ಲಿ ಕನ್ನಡವನ್ನು ಕೇಳಿಸಲು ಕೆಲವು ಸಾವಿರ ಮನೆಗಳು ಸಾಕು. ಆದರೆ ಆ ನಾಲ್ಕು ಸಾವಿರ ಮಂದಿ ಇದ್ದಾರೆಂಬುದು ಪ್ರಕಾಶಕನಿಗೆ ತಿಳಿಯಬೇಕಾದರೆ, ಅವರು ನಕಲಿಯನ್ನು ಬಿಟ್ಟು ಅಸಲನ್ನು ಕೊಳ್ಳಬೇಕು. ಕನ್ನಡದಲ್ಲಿ ಬೇಕೆಂದು ಬರೆದು ಕೇಳಬೇಕು. ಕೇಳದವರ ಊರಿಗೆ ನೀರು ಬಿಡುವವರು ಯಾರೂ ಇಲ್ಲ.