ಹಿತ್ತಲ ಕೋಳಿ ಸಾಕಣೆಯಲ್ಲಿ ಆಂಟಿಬಯೋಟಿಕ್: ವರ್ತಕರು ಅರಿಯಬೇಕಾದ ಅಂಶಗಳು

ನಾಟಿ ಕೋಳಿ ಹಾಗೂ ನಾಟಿ ಮೊಟ್ಟೆಗೆ ಫಾರಂ ಉತ್ಪನ್ನಗಳಿಗಿಂತ ಹೆಚ್ಚಿನ ಬೆಲೆ ದೊರೆಯುವುದು ವರ್ತಕರೆಲ್ಲರಿಗೂ ತಿಳಿದ ಸಂಗತಿ. ಈ ಹೆಚ್ಚುವರಿ ಬೆಲೆಗೆ ಗ್ರಾಹಕರ ನಂಬಿಕೆಯೇ ಆಧಾರ. ಹತ್ತಿಪ್ಪತ್ತು ಕೋಳಿ ಸಾಕುವವರು ಪಶುವೈದ್ಯರನ್ನು ಕೇಳದೆ ಆಂಟಿಬಯೋಟಿಕ್ ಪುಡಿ ತಂದು ನೀರಿಗೆ ಬೆರೆಸಿದಲ್ಲಿ ಆ ನಂಬಿಕೆಗೆ ಕುಂದು ತಪ್ಪದು. ಆದುದರಿಂದ ಪಶು ಔಷಧ, ಕೋಳಿ ಆಹಾರ, ಮೊಟ್ಟೆ ಹಾಗೂ ಮಾಂಸದ ವ್ಯವಹಾರದಲ್ಲಿರುವ ಸದಸ್ಯರು ಕೆಳಗಿನ ಅಂಶಗಳನ್ನು ಗಮನಿಸುವುದು ಸೂಕ್ತ.

ಮೊದಲನೆಯದಾಗಿ, ಆಂಟಿಬಯೋಟಿಕ್ ಔಷಧಗಳು ವೈರಸ್ ರೋಗಗಳನ್ನು ಗುಣಪಡಿಸಲಾರವು. ಹಿತ್ತಲ ಕೋಳಿಗಳನ್ನು ಹಿಂಡುಹಿಂಡಾಗಿ ಬಲಿ ತೆಗೆದುಕೊಳ್ಳುವ ಕೊಕ್ಕರೆ ರೋಗವು, ಅಂದರೆ ರಾಣಿಖೇತ್, ವೈರಸ್‌ನಿಂದ ಬರುವಂಥದು. ಮರಿಗಳಿಗೆ ಮೊದಲ ವಾರದಲ್ಲಿಯೂ ಎಂಟನೆಯ ವಾರದ ಸುಮಾರಿಗೂ ಲಸಿಕೆ ಹಾಕಿಸುವುದೇ ಇದಕ್ಕೆ ಮಾರ್ಗ.

ಎರಡನೆಯದಾಗಿ, ಅರೆಬರೆ ಪ್ರಮಾಣದಲ್ಲಿ ಔಷಧ ನೀಡಿದಾಗ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಉಳಿದು ವೃದ್ಧಿಸುತ್ತವೆ. ಅವು ಹಿಕ್ಕೆ, ಹಸಿ ಮಾಂಸ ಹಾಗೂ ಕೈಗಳ ಮೂಲಕ ಮನುಷ್ಯರನ್ನು ತಲುಪಬಲ್ಲವು. ಕೊಲಿಸ್ಟಿನ್ ಔಷಧವು ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಅಸ್ತ್ರವೆನಿಸಿದೆ. ಈ ಕಾರಣದಿಂದಲೇ ಕೇಂದ್ರ ಸರಕಾರವು 2019ರ ಜುಲೈನಲ್ಲಿ ಕೋಳಿಗಳಿಗಾಗಿಯೂ ಪಶು ಆಹಾರದ ಪೂರಕವಾಗಿಯೂ ಅದರ ತಯಾರಿಕೆ, ಮಾರಾಟ ಮತ್ತು ವಿತರಣೆಯನ್ನು ನಿಷೇಧಿಸಿತು.

ಮೂರನೆಯದಾಗಿ, ಔಷಧದ ಉಳಿಕೆಯ ಪ್ರಶ್ನೆ. 2012ರಲ್ಲಿ ತಿದ್ದುಪಡಿಯಾದ ಔಷಧ ನಿಯಮಗಳಂತೆ, ಕೊನೆಯ ಬಾರಿ ಔಷಧ ನೀಡಿದ ಬಳಿಕ ಎಷ್ಟು ದಿನ ಕಾಯಬೇಕೆಂಬುದು ಚೀಟಿಯ ಮೇಲೆ ಮುದ್ರಿತವಾಗಿರಬೇಕು. ಆ ಔಷಧಕ್ಕೆ ಪ್ರತ್ಯೇಕ ಅವಧಿ ನಿಗದಿಯಾಗಿಲ್ಲದಿದ್ದಲ್ಲಿ ಮೊಟ್ಟೆಗೆ ಕನಿಷ್ಠ 7 ದಿನ, ಕೋಳಿ ಮಾಂಸಕ್ಕೆ ಕನಿಷ್ಠ 28 ದಿನ. ಹಿತ್ತಲಲ್ಲಿ ಎಲ್ಲ ಕೋಳಿಗಳೂ ಒಂದೇ ಪಾತ್ರೆಯ ನೀರು ಕುಡಿಯುವುದರಿಂದ ರೋಗವಿಲ್ಲದ ಕೋಳಿಗಳಿಗೂ ಈ ಅವಧಿ ಅನ್ವಯಿಸುತ್ತದೆಂದು ತಿಳಿಯಬೇಕು.

ವ್ಯವಹಾರದ ನಿಜವಾದ ಪರೀಕ್ಷೆ ಇಲ್ಲಿಯೇ. ಕಾಯಿಲೆ ಕಂಡೊಡನೆ ಸಾಕಿದವರು ಒಂದೆರಡು ದಿನ ಔಷಧ ಹಾಕಿ, ಗುಣವಾಗದಿದ್ದರೆ ಸಿಕ್ಕ ಬೆಲೆಗೆ ಕೋಳಿಗಳನ್ನು ಮಾರಿಬಿಡುವುದುಂಟು. ಅಗ್ಗದ ಈ ಖರೀದಿಯಲ್ಲಿ ವರ್ತಕರಿಗೆ ಕಾಣುವ ಲಾಭ ಒಂದು ದಿನದ್ದು. ಹೋಟೆಲಿನವರೊಡನೆ ಹಾಗೂ ಮನೆಬಳಕೆಯ ಗ್ರಾಹಕರೊಡನೆ ಕೆಡುವ ಸಂಬಂಧ ಬಹುಕಾಲದ್ದು.

ಔಷಧ ವರ್ತಕರು ಅನುಸೂಚಿ ‘ಎಚ್’ಗೆ ಸೇರಿದ ಆಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರುವಂತಿಲ್ಲ. ಆಹಾರ ತಯಾರಕರು ಬೆಳವಣಿಗೆಯ ಹೆಸರಿನಲ್ಲಿ ಆಂಟಿಬಯೋಟಿಕ್ ಬೆರೆಸದಿರುವುದು ಲೇಸು. ಖರೀದಿದಾರರು ಔಷಧದ ಹೆಸರನ್ನೂ ಕೊನೆಯದಾಗಿ ನೀಡಿದ ದಿನಾಂಕವನ್ನೂ ಕೇಳಿ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು. ಕಾಯುವ ದಿನಗಳಿಗಾಗಿ ಸಾಕಿದವರಿಗೆ ಒಂದಿಷ್ಟು ಹೆಚ್ಚು ಬೆಲೆ ಕೊಡುವುದೂ ವಿವೇಕದ ವ್ಯಾಪಾರವೇ ಸರಿ.