ಅರವತ್ತಮೂರು ಮತ್ತು ತ್ರೇಸಷ್ಟ

ಡಿ.ಎಡ್. ತರಬೇತಿಗಾಗಿ ನಾಗಪುರದ ಮರಾಠಿ ಶಾಲೆಯೊಂದರಲ್ಲಿ ಎರಡನೇ ತರಗತಿಗೆ ಪಾಠ ಮಾಡುತ್ತಿದ್ದೆ. ಅಂದು ಸಂಖ್ಯೆಗಳ ಉಕ್ತಲೇಖನ. ನಾನು ‘ತ್ರೇಸಷ್ಟ’ ಎಂದರೆ ಒಬ್ಬ ಹುಡುಗ 63ರ ಬದಲು 36 ಬರೆದ. ‘ಪಂಚವೀಸ್’ ಎಂದರೆ 52. ಕೆಂಪು ಶಾಯಿಯಲ್ಲಿ ಗೆರೆ ಎಳೆದು, “ಗಮನವಿಟ್ಟು ಕೇಳು” ಎಂದು ಗದರಿದೆ. ಮರುದಿನದಿಂದ ಅವನು ಗಣಿತದ ಪುಸ್ತಕ ತರುವುದನ್ನೇ ಬಿಟ್ಟ.

ಆ ತಪ್ಪುಗಳನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಓದಿಕೊಂಡಾಗ ವಿಷಯ ಹೊಳೆಯಿತು. ನಮ್ಮಲ್ಲಿ ಅರವತ್ತಮೂರು: ಮೊದಲು ಹತ್ತು, ಆಮೇಲೆ ಬಿಡಿ, ಬರೆಯುವ ಕ್ರಮವೂ ಅದೇ. ಮರಾಠಿಯಲ್ಲಿ ಮೂರು ಮೊದಲು, ಅರವತ್ತು ಆಮೇಲೆ. ಹುಡುಗ ಗಮನವಿಟ್ಟೇ ಕೇಳಿದ್ದ. ಕೇಳಿದ ಕ್ರಮದಲ್ಲೇ ಬರೆದಿದ್ದ!

2019ರಲ್ಲಿ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ‘ಏಕವೀಸ್’ ಜೊತೆಗೆ ‘ವೀಸ್ ಏಕ್’ ಎಂದು ಹೇಳಿಕೊಡುವ ಕ್ರಮ ಬಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವೆದ್ದಿತು. ಭಾಷೆ ಕೆಡುತ್ತದೆ ಎಂದವರೇ ಹೆಚ್ಚು. ಮಕ್ಕಳ ಗೊಂದಲ ತಪ್ಪಿಸಲೆಂದೇ ಈ ಬದಲಾವಣೆ ಎಂದು ಗಣಿತ ಸಮಿತಿಯ ಅಧ್ಯಕ್ಷೆ ಮಂಗಲಾ ನಾರಳೀಕರ್ ವಿವರಿಸಿದ್ದರು. ಆ ಗದ್ದಲದಲ್ಲಿ 36 ಬರೆದ ಮಗುವಿನ ಮಾತು ಯಾರ ಕಿವಿಗೂ ಬಿದ್ದಂತಿಲ್ಲ.

ಮುಂದಿನ ವಾರ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ ಅವನ ಮುಂದಿಟ್ಟೆ. ‘ತ್ರೇ’ ಎನ್ನುತ್ತಾ ಮೂರು ಬಿಡಿ ಕಡ್ಡಿಗಳನ್ನು ಬಲಕ್ಕಿಟ್ಟ. ‘ಸಷ್ಟ’ ಎನ್ನುತ್ತಾ ಆರು ಕಟ್ಟುಗಳನ್ನು ಎಡಕ್ಕೆ. ನೋಡಿಕೊಂಡು 63 ಬರೆದ. ಮಾರನೆಯ ದಿನ ಪುಸ್ತಕವೂ ಬಂತು.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂದು ಎರಡು ಎಣಿಕೆಗಳ ನಡುವೆ ಬೆಳೆಯುವ ಮಕ್ಕಳು ನಮ್ಮಲ್ಲೂ ಇದ್ದಾರೆ. ಅವರು ತಪ್ಪು ಬರೆದಾಗ ಗದರುವ ಮೊದಲು “ಹೀಗೇಕೆ ಬರೆದೆ?” ಎಂದು ಕೇಳೋಣ.