ಮರಳುನಾಡಿಗೆ ಹೊರಟವರ ಪೆಟ್ಟಿಗೆ

ಊರು ಬಿಟ್ಟು ದುಡಿಯಲು ಹೋಗುವುದು ನಮ್ಮ ಭಾಗದವರಿಗೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಆದವಾನಿ ಕಡೆಯ ಎಷ್ಟೋ ಕುಟುಂಬಗಳು ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಮೂಟೆ ಕಟ್ಟುತ್ತವೆ. ಆ ಮೂಟೆಯಲ್ಲಿ ಏನಿರಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಜೋಳ, ನಾಲ್ಕು ಪಾತ್ರೆ, ಹೊದಿಕೆ, ಗುಡಿಸಲಿನ ಮೇಲೆ ಹಾಕಲು ಒಂದು ತಾಡಪತ್ರಿ. ಏನಾದರೂ ಮರೆತರೆ ಮುಂದಿನ ವಾರ ಊರಿನಿಂದ ಬರುವವರು ತಂದುಕೊಡುತ್ತಾರೆ.

ಕುವೈತ್, ಸೌದಿ ಅರೇಬಿಯಾ ಮೊದಲಾದ ಕೊಲ್ಲಿ ದೇಶಗಳಿಗೆ ಹೊರಟವರ ಪೆಟ್ಟಿಗೆಯ ವಿಷಯ ಹಾಗಲ್ಲ. ನಮ್ಮ ರಾಯಲಸೀಮೆಯಲ್ಲಿ ಹಿಂದಿನ ಕಡಪ ಜಿಲ್ಲೆಯ ರಾಜಂಪೇಟೆ, ರಾಯಚೋಟಿ ಕಡೆಯಿಂದ ಹಲವು ದಶಕಗಳಿಂದ ಜನರು, ಅದರಲ್ಲೂ ಹೆಂಗಸರು, ಕುವೈತಿಗೆ ಮನೆಗೆಲಸಕ್ಕೆ ಹೋಗುತ್ತಿದ್ದಾರೆ. ಅಲ್ಲಿಗೆ ಹೋಗುವವರು ಮರೆತ ವಸ್ತು ಹಿಂದಿನಿಂದ ಬಂದು ಸೇರುವುದು ಕಷ್ಟ. ಒಯ್ಯಬಾರದ ವಸ್ತುವನ್ನು ಒಯ್ದರೆ ವಿಮಾನ ನಿಲ್ದಾಣದಿಂದ ನೇರವಾಗಿ ಪೊಲೀಸ್ ಠಾಣೆಗೆ ಹೋಗಬೇಕಾದೀತು. ಆದ್ದರಿಂದ ಆ ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು, ಏಕೆ ಎಂಬುದನ್ನು ಇಲ್ಲಿ ವಿವರಿಸಿದೆ.

ಮೊದಲು ಬಿಸಿಲಿನ ಮಾತು. ಮೇ ತಿಂಗಳಲ್ಲಿ 42, 43 ಡಿಗ್ರಿ ಉಷ್ಣತೆಯನ್ನು ಕಂಡ ನಮಗೆ ಬಿಸಿಲಿನ ಭಯವೇನು ಎಂದು ಕೆಲವರು ಹೇಳುವುದುಂಟು. ಕುವೈತಿನ ಮಿತ್ರಿಬಾ ಎಂಬಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. 2024ರ ಜೂನ್ ತಿಂಗಳಲ್ಲಿ ಹಜ್ ಯಾತ್ರೆಯ ಸಮಯಕ್ಕೆ ಮೆಕ್ಕಾದಲ್ಲಿ ಉಷ್ಣತೆ 51 ಡಿಗ್ರಿಯನ್ನು ದಾಟಿ, ಆ ಯಾತ್ರೆಯಲ್ಲಿ 1,300 ಜನರು ತೀರಿಕೊಂಡರು. ಕುವೈತಿನಲ್ಲಿ ಜೂನ್ 1ರಿಂದ ಆಗಸ್ಟ್ ಕೊನೆಯವರೆಗೆ ಹಗಲು 11ರಿಂದ 4 ಗಂಟೆಯವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಸರಕಾರವೇ ನಿಯಮ ಮಾಡಿದೆ. ನಮ್ಮ ಬಿಸಿಲಿಗೂ ಅಲ್ಲಿಯ ಬಿಸಿಲಿಗೂ ಇರುವ ಅಂತರ ಇದರಿಂದಲೇ ತಿಳಿಯುತ್ತದೆ.

ಇಂಥ ಬಿಸಿಲಿಗೆ ತೆಳುವಾದ, ಸಡಿಲವಾದ, ಮೈತುಂಬ ಮುಚ್ಚುವ ಹತ್ತಿಯ ಬಟ್ಟೆಯೇ ಸರಿ. ಸೆಕೆಯಾದರೆ ಬಟ್ಟೆ ಕಡಿಮೆ ಮಾಡಬೇಕೆಂಬುದು ನೆರಳಿನಲ್ಲಿ ಕುಳಿತವರ ಲೆಕ್ಕ. ಬಿಸಿಲಿನಲ್ಲಿ ನಿಂತವನಿಗೆ ಬಟ್ಟೆಯೇ ನೆರಳು. ಬಟ್ಟೆ ಸಡಿಲವಾಗಿದ್ದರೆ ಅದಕ್ಕೂ ಚರ್ಮಕ್ಕೂ ನಡುವೆ ಗಾಳಿ ಆಡುತ್ತದೆ, ಬೆವರು ಆರುತ್ತದೆ. ಆರುವಾಗ ಅದು ಮೈಯ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಮರಳುಗಾಡಿನ ಬೆದೂಯಿನರು ಕಪ್ಪು ನಿಲುವಂಗಿ ತೊಡುವುದನ್ನು ಕಂಡು ಆಶ್ಚರ್ಯಪಟ್ಟ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ 1980ರಲ್ಲಿ ‘ನೇಚರ್’ ಎಂಬ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಕಪ್ಪು ಬಟ್ಟೆ ಹೊರಗೆ ಹೆಚ್ಚು ಕಾಯುತ್ತದೆ, ನಿಜ. ಆದರೆ ಅಂಗಿ ಸಡಿಲವಾಗಿರುವುದರಿಂದ ಆ ಹೆಚ್ಚಿನ ಶಾಖ ಚರ್ಮವನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಕಳೆದುಹೋಗುತ್ತದೆ. ನಮ್ಮ ಹತ್ತಿ ಹೊಲಗಳಲ್ಲಿ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡುವುದು ಇದೇ ಶಾಸ್ತ್ರದಿಂದ. ಅವರಿಗೆ ಯಾವ ಪತ್ರಿಕೆಯೂ ಹೇಳಿಕೊಟ್ಟಿರಲಿಲ್ಲ.

ಆ ದೇಶಗಳ ಸಂಪ್ರದಾಯವೂ ಇಂಥ ಉಡುಪನ್ನೇ ಬಯಸುತ್ತದೆ. ಹೆಗಲು, ತೋಳು, ಮೊಣಕಾಲು ಮುಚ್ಚಿರಬೇಕು. ಸೌದಿಯಲ್ಲಿ ಹೊರದೇಶದ ಹೆಂಗಸರು ಕಪ್ಪು ಅಬಾಯಾ ತೊಡಲೇಬೇಕೆಂಬ ಕಟ್ಟುನಿಟ್ಟು ಈಗ ಸಡಿಲವಾಗಿದ್ದರೂ ಮೈಮುಚ್ಚುವ ಉಡುಪು ಬೇಕೇ ಬೇಕು. ಸೀರೆಗಿಂತ ತುಂಬುತೋಳಿನ ಚೂಡಿದಾರವೇ ಅನುಕೂಲ; ಜೊತೆಗೆ ಎರಡು ದೊಡ್ಡ ಓಢಣಿಗಳಿರಲಿ. ಧೂಳುಗಾಳಿ ಎದ್ದಾಗ ಮೂಗುಬಾಯಿಗೆ ಕಟ್ಟಿಕೊಳ್ಳಲೂ ಅವು ಬೇಕು. ಗಂಡಸರು ಚಡ್ಡಿ ಬನಿಯನ್ನಿನಲ್ಲಿ ಬೀದಿಗೆ ಬರುವ ಅಭ್ಯಾಸವನ್ನು ಇಲ್ಲಿಯೇ ಬಿಟ್ಟುಹೋಗಬೇಕು.

ಮರಳುಗಾಡು ಎಂದರೆ ಸದಾ ಬಿಸಿ ಎಂದು ತಿಳಿದು ಉಣ್ಣೆಯ ಬಟ್ಟೆ ಬಿಟ್ಟುಹೋಗುವವರು ಡಿಸೆಂಬರಿನಲ್ಲಿ ನಡುಗುತ್ತಾರೆ. ಅಲ್ಲಿಯ ಗಾಳಿಯಲ್ಲಿ ತೇವವಿಲ್ಲ, ಆಕಾಶದಲ್ಲಿ ಮೋಡವಿಲ್ಲ. ಹಗಲು ಕಾದ ನೆಲದ ಶಾಖವನ್ನು ತಡೆದಿಡುವುದು ಏನೂ ಇಲ್ಲದೆ ರಾತ್ರಿ ಅದೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ಒಂದು ಸ್ವೆಟರು, ಒಂದು ಜೊತೆ ಕಾಲುಚೀಲ ಹೆಚ್ಚು ತೂಕವಲ್ಲ. ಹುಷಾರಿರಲಿ ಎಂದು ನಾಲ್ಕೈದು ಓ.ಆರ್.ಎಸ್. ಪೊಟ್ಟಣಗಳನ್ನೂ ಒಡೆದ ಹಿಮ್ಮಡಿಗೆ ವ್ಯಾಸಲೀನನ್ನೂ ಸೇರಿಸಬಹುದು. ಅಲ್ಲಿಯ ಪ್ಲಗ್ಗಿಗೆ ಮೂರು ಚಪ್ಪಟೆ ಕಾಲುಗಳು. ನಮ್ಮ ದುಂಡು ಕಾಲಿನದು ಹಿಡಿಯುವುದಿಲ್ಲ.

ಇನ್ನು ಇರಬಾರದ ವಸ್ತುಗಳು. ಇದನ್ನು ಎರಡು ಸಲ ಓದಿರಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ಮನೆಗಳಲ್ಲಿ ಹಬ್ಬಕ್ಕೆ ಪಾಯಸ ಮಾಡುವ, ಮಸಾಲೆಗೆ ಅರೆಯುವ ಗಸಗಸೆ ಅಫೀಮಿನ ಗಿಡದ ಬೀಜ. ಸೌದಿ ಅರೇಬಿಯಾ, ಸಂಯುಕ್ತ ಅರಬ್ ಎಮಿರೇಟ್ಸ್ ಮುಂತಾದ ಕಡೆ ಅದು ನಿಷಿದ್ಧ. ಒಂದು ಹಿಡಿ ಗಸಗಸೆಗಾಗಿ ಸೆರೆಮನೆ ಕಂಡವರಿದ್ದಾರೆ. ಅಮ್ಮ ಅಕ್ಕರೆಯಿಂದ ಮಾಡಿಕೊಟ್ಟ ಮಸಾಲೆಪುಡಿಯಲ್ಲಿ ಗಸಗಸೆ ಸೇರಿದೆಯೇ ಎಂದು ಕೇಳಿಕೊಂಡೇ ಕಟ್ಟಬೇಕು. ಒಣಕೊಬ್ಬರಿಯದು ಬೇರೆ ಕತೆ: ಅದರಲ್ಲಿ ಎಣ್ಣೆ ಹೆಚ್ಚಾಗಿ ಬೆಂಕಿ ಹಿಡಿಯುವ ಸಂಭವವಿರುವುದರಿಂದ ನಮ್ಮ ವಿಮಾನ ನಿಲ್ದಾಣದಲ್ಲಿಯೇ ತೆಗೆಸುತ್ತಾರೆ. ಮದ್ಯವಂತೂ ಕುವೈತ್, ಸೌದಿಗಳೊಳಗೆ ತರುವಂತೆಯೇ ಇಲ್ಲ. ಎಲೆಅಡಿಕೆ, ಗುಟ್ಕಾಗಳನ್ನು ಬಾಯಿಗೂ ಪೆಟ್ಟಿಗೆಗೂ ದೂರವಿಡುವುದು ಲೇಸು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳುಪುಡಿ ಇವು ಕೆಡುವುದಿಲ್ಲ, ಬಹಳ ದಿನ ಬರುತ್ತವೆ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡದೆ ದೊಡ್ಡ ಪೆಟ್ಟಿಗೆಯಲ್ಲಿ ಭದ್ರವಾಗಿ ಕಟ್ಟಿಡಬೇಕು.

ಮಾತ್ರೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ಇಲ್ಲಿ ಅಂಗಡಿಯಲ್ಲಿ ಕೊಳ್ಳುವ ಕೆಮ್ಮಿನ ಔಷಧಿಯಲ್ಲಿ ಕೊಡೀನ್ ಇರಬಹುದು. ನೋವಿನ ಮಾತ್ರೆ ಟ್ರಮಡಾಲ್ ಆಗಿರಬಹುದು. ಅಲ್ಲಿ ಇವನ್ನು ಮಾದಕವಸ್ತುಗಳ ಸಾಲಿನಲ್ಲಿ ಎಣಿಸುತ್ತಾರೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಕೂಡ ಬಿಡಿಸಿ ಡಬ್ಬಿಗೆ ತುಂಬದೆ, ಕಂಪನಿಯ ಹಾಳೆಯಲ್ಲಿಯೇ ಇಟ್ಟು, ವೈದ್ಯರು ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಜೊತೆಗಿಡಬೇಕು.

ಎಲ್ಲಕ್ಕಿಂತ ಅಪಾಯದ ವಸ್ತು ಬೇರೆಯವರು ಕೊಟ್ಟ ಪೊಟ್ಟಣ. “ಅಕ್ಕಾ, ನಮ್ಮ ಹುಡುಗ ಅಲ್ಲೇ ಇದ್ದಾನೆ, ಇದೊಂದು ಮುಟ್ಟಿಸಿಬಿಡು” ಎಂದು ನೆರೆಹೊರೆಯವರು ಕೊಡುವುದು, ಇವರು ಇಲ್ಲ ಎನ್ನಲಾರದೆ ತೆಗೆದುಕೊಳ್ಳುವುದು ನಮ್ಮ ಊರುಗಳ ರೀತಿ. ಆದರೆ ಅಲ್ಲಿಯ ಕಾನೂನು ಪೆಟ್ಟಿಗೆ ಯಾರದೋ ಅವರನ್ನೇ ಹಿಡಿಯುತ್ತದೆ. ಒಳಗೇನಿತ್ತೋ ತಿಳಿಯದು ಎಂದರೆ ಕೇಳುವುದಿಲ್ಲ. ಬಿಚ್ಚಿ ನೋಡಿ ತಾವೇ ಮತ್ತೆ ಕಟ್ಟದ ಯಾವ ಪೊಟ್ಟಣವನ್ನೂ ಒಯ್ಯಬಾರದು. ಬೇಸರವಾದರೆ ಇಲ್ಲಿಯೇ ಆಗಲಿ.

ದೇವರ ಪಟದ ಬಗ್ಗೆ ಒಂದು ಮಾತು. ಸೌದಿಯಲ್ಲಿ ಅನ್ಯಮತದವರ ಬಹಿರಂಗ ಪೂಜೆಗೆ ಅವಕಾಶವಿಲ್ಲ. ಮಂತ್ರಾಲಯದ ರಾಯರ ದೊಡ್ಡ ಪಟವಾಗಲಿ, ವಿಗ್ರಹವಾಗಲಿ ಮನೆಯಲ್ಲಿಯೇ ಇರಲಿ. ರಂಜಾನ್ ತಿಂಗಳ ಹಗಲಿನಲ್ಲಿ ಬೀದಿಯಲ್ಲಿ ನೀರು ಕುಡಿದರೂ ಕುವೈತಿನಲ್ಲಿ ಶಿಕ್ಷೆಯುಂಟು.

ಪೆಟ್ಟಿಗೆಯ ತೂಕವನ್ನು ಟಿಕೆಟಿನಲ್ಲಿ ಬರೆದಿರುತ್ತಾರೆ, ಸಾಮಾನ್ಯವಾಗಿ 20ರಿಂದ 30 ಕಿಲೋ. ಇದರಲ್ಲಿ ಅತ್ಯಂತ ಹಗುರವಾದದ್ದೂ ಅತ್ಯಂತ ಮುಖ್ಯವಾದದ್ದೂ ಕಾಗದ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತನ್ನು ಹೊಕ್ಕಾಗ 1,70,000ಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ನಗರದ ಮೂಲಕ ವಿಮಾನಗಳಲ್ಲಿ ತಾಯ್ನಾಡಿಗೆ ಕರೆತರಲಾಯಿತು. ವರ್ಷಗಟ್ಟಲೆ ಕೂಡಿಟ್ಟ ಸಾಮಾನು ಅಲ್ಲಿಯೇ ಉಳಿಯಿತು. ಮುಂದೆ ವಿಶ್ವಸಂಸ್ಥೆಯ ಆಯೋಗ ಪರಿಹಾರ ಕೊಡುವಾಗ ಅಲ್ಲಿಂದ ಹೊರಬಂದುದಕ್ಕೆ ದಾಖಲೆ ಕೇಳಿತು. ಕಾಗದ ಕಾಪಾಡಿಕೊಂಡವರಿಗೆ ಕೆಲಸ ಸುಲಭವಾಯಿತು.

ಹೊರಡುವವರು ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರುಪತ್ರ, ವಿಮೆಯ ಪತ್ರ ಇವುಗಳ ಎರಡೆರಡು ನಕಲು ಮಾಡಿಸಬೇಕು. ಒಂದು ತಮ್ಮ ಬಳಿ, ಪಾಸ್‌ಪೋರ್ಟ್ ಇಟ್ಟ ಚೀಲದಲ್ಲಲ್ಲದೆ ಬೇರೆ ಕಡೆ ಇರಲಿ. ಏಕೆಂದರೆ ಮನೆಗೆಲಸದವರ ಪಾಸ್‌ಪೋರ್ಟನ್ನು ಯಜಮಾನರು ಇಟ್ಟುಕೊಳ್ಳಬಾರದೆಂದು ಕುವೈತಿನ 2015ರ ಕಾನೂನು ಹೇಳಿದರೂ ಇಟ್ಟುಕೊಳ್ಳುವವರು ಇದ್ದಾರೆ. ಇನ್ನೊಂದು ನಕಲು ಊರಿನ ಮನೆಯಲ್ಲಿ ಎತ್ತರದ ಜಾಗದಲ್ಲಿರಲಿ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿದಾಗ ಟ್ರಂಕಿನೊಡನೆ ಕಾಗದಪತ್ರಗಳೂ ಹೋದದ್ದನ್ನು ಕಂಡ ನದಿದಂಡೆಯವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಭಾರತದ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಯನ್ನು ಬರೆದುಕೊಂಡರೆ ಸಾಲದು, ಬಾಯಿಪಾಠವಾಗಿರಬೇಕು, ಫೋನು ಕೈತಪ್ಪಬಹುದು.

ವಿದ್ಯಾರ್ಥಿಗಳೇ, ನಿಮ್ಮ ಹತ್ತನೆಯ ತರಗತಿಯ ಪ್ರಮಾಣಪತ್ರಕ್ಕೂ ಈ ಪೆಟ್ಟಿಗೆಗೂ ಸಂಬಂಧವಿದೆ. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯಿದೆಯಂತೆ ಸರಕಾರದ ಅನುಮತಿ ಬೇಕು. ಆಗ ಅವರ ಕರಾರನ್ನು ಅಧಿಕಾರಿಗಳು ನೋಡುತ್ತಾರೆ. 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯನ್ನೂ ಮಾಡಿಸಬೇಕು. ಮನೆಗೆಲಸಕ್ಕೆ ಹೋಗುವ ಇಂಥ ಹೆಂಗಸರಿಗೆ 30 ವರ್ಷ ತುಂಬಿರಬೇಕೆಂಬ ನಿಯಮವೂ ಇದೆ. ಇದನ್ನೆಲ್ಲ ತಪ್ಪಿಸಲು ಕೆಲವು ದಲ್ಲಾಳಿಗಳು ಪ್ರವಾಸದ ವೀಸಾದಲ್ಲಿ ಕಳುಹಿಸುತ್ತಾರೆ. ಹಾಗೆ ಹೋದವರ ಪೆಟ್ಟಿಗೆಯಲ್ಲಿ ಕರಾರುಪತ್ರವೂ ಇಲ್ಲ, ವಿಮೆಯೂ ಇಲ್ಲ. ಹತ್ತನೆಯ ತರಗತಿ ಪಾಸಾದವರಿಗೆ ಈ ಅನುಮತಿ ಬೇಡ. ಅಂದರೆ ಅವರ ಕರಾರನ್ನು ಬೇರೆ ಯಾರೂ ಓದುವುದಿಲ್ಲ, ತಾವೇ ಓದಬೇಕು.

ಮನೆಯಲ್ಲಿ ಅಕ್ಷರ ಬಲ್ಲವರು ನೀವೊಬ್ಬರೇ ಆಗಿದ್ದರೆ ಅಮ್ಮನದೋ ಚಿಕ್ಕಮ್ಮನದೋ ಕಾಗದವನ್ನು ಪೆಟ್ಟಿಗೆಗೆ ಹಾಕುವ ಮುನ್ನ ನೀವೇ ಓದಿರಿ. ಯಜಮಾನನ ಹೆಸರು, ಸಂಬಳ ಎಷ್ಟು ದಿನಾರ್, ವಾರಕ್ಕೊಂದು ರಜೆ ಬರೆದಿದೆಯೇ ನೋಡಿರಿ. ಕುವೈತಿನ ವೀಸಾದ ಮೇಲೆ ಒಂದು ಸಂಖ್ಯೆ ಇರುತ್ತದೆ. 18 ಎಂದಿದ್ದರೆ ಕಂಪನಿಯ ಕೆಲಸ, 20 ಎಂದಿದ್ದರೆ ಮನೆಗೆಲಸ. ಅಂಗಡಿಯ ಕೆಲಸವೆಂದು ಹೇಳಿ ಕೊಟ್ಟ ವೀಸಾದಲ್ಲಿ 20 ಎಂದಿದ್ದರೆ, ಪೆಟ್ಟಿಗೆಗೆ ಬೀಗ ಹಾಕುವ ಮೊದಲು ದಲ್ಲಾಳಿಯನ್ನು ಮನೆಗೆ ಕರೆಸಿ ಕೇಳಿರಿ.